ಕೊಲೆಗಾರ ಯಾರು ಅಂತ ಮೊದಲೇ ಗೊತ್ತು, ಆದರೂ 'ಕೊಲಂಬೋ' ನೋಡಿ

ಕೊಲೆ ಮಾಡಿದ್ದು ಯಾರು ಅನ್ನುವುದು ಕೊನೆಯವರೆಗೂ ಗುಟ್ಟಾಗಿದ್ದರೆ ಮಾತ್ರ ಪತ್ತೇದಾರಿ ಧಾರಾವಾಹಿ ಅಂತ ನಂಬಿರುವವರು ಅಮೆರಿಕದ 'ಕೊಲಂಬೋ' ಒಮ್ಮೆ ನೋಡಬೇಕು. ಇದರಲ್ಲಿ ಶುರುವಿಗೇ ಕೊಲೆ ನಮ್ಮ ಕಣ್ಣೆದುರು ನಡೆದುಹೋಗುತ್ತದೆ. ಯಾರು, ಯಾಕೆ, ಹೇಗೆ, ಪೊಲೀಸರ ಕಣ್ಣಿಗೆ ಮಣ್ಣೆರಚೋಕೆ ಏನೇನು ಹೂಡಿದ, ಎಲ್ಲ ಗೊತ್ತು. ಆಮೇಲೆ ಮುದುಡಿದ ರೇನ್‌ಕೋಟ್ ಹಾಕಿಕೊಂಡ ಪೊಲೀಸ್ ಲೆಫ್ಟಿನೆಂಟ್ ಕೊಲಂಬೋ ಬರುತ್ತಾನೆ. ಮುಂದಿನದೆಲ್ಲ ಹೆಚ್ಚುಕಡಿಮೆ ಇಬ್ಬರ ಮಾತುಕತೆ. ಗುಂಡಿನ ಸದ್ದಿಲ್ಲ, ಲಾಕಪ್ಪಿನಲ್ಲಿ ಏಟಿಲ್ಲ. ಹಾಗಿದ್ದೂ ಎದ್ದು ಹೋಗೋಕೆ ಮನಸ್ಸು ಬರುವುದಿಲ್ಲ ಅಂದರೆ ಅದು ಆ ಪಾತ್ರ ಮಾಡಿದ ಪೀಟರ್ ಫಾಕ್ ಎಂಬ ನಟನ ಕೆಲಸ.

ಇಲ್ಲಿ ಗುಟ್ಟಾಗಿ ಉಳಿಯುವುದು ಒಂದೇ: ಕೊಲಂಬೋಗೆ ಅನುಮಾನ ಬಂದದ್ದು ಯಾವ ಗಳಿಗೆಯಲ್ಲಿ? ಅದನ್ನು ನಾವು ಫಾಕ್ ಮುಖದಲ್ಲಿ ಹುಡುಕಿಕೊಳ್ಳಬೇಕು. ಎದುರು ಕೂತ ಕೊಲೆಗಾರನಿಗೆ ಅವರು ಪೆದ್ದನಂತೆ ಕಾಣಬೇಕು, ಒಳಗೆ ಲೆಕ್ಕ ನಡೆಯುತ್ತಿರುವುದು ನಮಗೆ ಮಾತ್ರ ತಿಳಿಯಬೇಕು. ಆ ಲೆಕ್ಕವನ್ನು ಒಂದು ಗುಲಗಂಜಿ ಹೆಚ್ಚು ತೋರಿಸಿದರೆ, ಅದನ್ನು ಗಮನಿಸದ ಕೊಲೆಗಾರ ದಡ್ಡನಾಗಿಬಿಡುತ್ತಾನೆ. ಒಂದು ಗುಲಗಂಜಿ ಕಡಿಮೆ ತೋರಿಸಿದರೆ ಕೊಲಂಬೋನೇ ದಡ್ಡ.

ಅವರು ಇದನ್ನು ನಿಭಾಯಿಸುವುದು ಕೈಗಳಿಂದ. ಗಮನವಿಟ್ಟು ನೋಡಿ. ಜೇಬು ತಡಕುತ್ತಾರೆ, ಪೆನ್ಸಿಲ್ ಸಿಗುವುದಿಲ್ಲ, ಕೊಲೆಗಾರನ ಹತ್ತಿರವೇ ಪೆನ್ಸಿಲ್ ಕೇಳುತ್ತಾರೆ. ಅವನ ಕಣ್ಣು ಆ ಕೈಯ ಹಿಂದೆ ಓಡಾಡುತ್ತಿರುವಾಗ ಪ್ರಶ್ನೆ ಬಂದು ಬೀಳುತ್ತದೆ. ಪ್ರಶ್ನೆ ಕೇಳುವಾಗ ನೋಟ ನೆಲದ ಮೇಲೆ ಇರುತ್ತದೆ, ಉತ್ತರ ಶುರುವಾದ ಮೇಲೆ ನಿಧಾನಕ್ಕೆ ತಲೆ ಎತ್ತುತ್ತಾರೆ. ಬೇರೆ ನಟರು ಇದನ್ನೇ ಅನುಕರಿಸಿದಾಗ ಕೆಡುವುದು ಎಲ್ಲಿ ಅಂದರೆ, ಅವರು ಮರೆವನ್ನು 'ಅಭಿನಯಿಸು'ತ್ತಾರೆ. ಫಾಕ್ ನಿಜವಾಗಿ ಹುಡುಕುತ್ತಾರೆ. ಸ್ಕ್ರಿಪ್ಟಿನಲ್ಲಿ ಇಲ್ಲದ ಕಡೆಯೂ ಹೀಗೆ ತಡಕಾಡಿ, ಎದುರಿನ ನಟನ ಸಹನೆ ಕೆಡಿಸಿ, ಆ ಕಿರಿಕಿರಿ ಅಸಲಿಯಾಗಿಯೇ ಕ್ಯಾಮೆರಾಕ್ಕೆ ಸಿಗುವಂತೆ ಮಾಡುತ್ತಿದ್ದರು. ಆ ರೇನ್‌ಕೋಟೂ ಅವರ ಸ್ವಂತದ್ದು. ಮೂರನೇ ವಯಸ್ಸಿನಲ್ಲೇ ಕಾಯಿಲೆಯಿಂದ ಬಲಗಣ್ಣು ತೆಗೆಸಬೇಕಾಗಿ ಬಂದಿತ್ತು, ಅಲ್ಲಿದ್ದದ್ದು ಕೃತಕ ಕಣ್ಣು. ಉಳಿದ ಒಂದೇ ಕಣ್ಣಿನಿಂದ ಇಷ್ಟೆಲ್ಲ ಹೇಳಿದ ನಟ.

ಬಾಗಿಲವರೆಗೆ ಹೋಗಿ ತಿರುಗಿ "ಇನ್ನೊಂದೇ ಒಂದು ವಿಷಯ ಸಾರ್" ಅನ್ನುವುದು ಎಲ್ಲರಿಗೂ ಗೊತ್ತಿರುವ ಭಾಗ. ಪಾತ್ರವನ್ನು ಸೃಷ್ಟಿಸಿದ ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಇದನ್ನು ನಾಟಕವಾಗಿ ಬರೆಯುವಾಗ ಒಂದು ದೃಶ್ಯ ಚಿಕ್ಕದಾಯಿತಂತೆ. ಟೈಪ್ ಮಾಡಿದ್ದನ್ನೆಲ್ಲ ಮತ್ತೆ ಟೈಪ್ ಮಾಡುವ ಬದಲು, ಹೊರಗೆ ಹೋದವನನ್ನೇ ವಾಪಸ್ ಕರೆಸಿದರು. ಆದರೆ ಆ ಮಾತಿಗೆ ಪೆಟ್ಟಿನ ಬಲ ಬಂದದ್ದು ಫಾಕ್ ಇಟ್ಟ ಗ್ಯಾಪಿನಿಂದ. ಕೊಲೆಗಾರ 'ಅಬ್ಬಾ, ಹೋದ' ಅಂತ ಭುಜ ಸಡಿಲ ಬಿಡುವವರೆಗೂ ಅವರು ತಿರುಗುವುದಿಲ್ಲ.

ಈಗ ಹೇಳುವುದರಲ್ಲಿ ಒಂದು ಕಂತಿನ ಕೊನೆ ಬಯಲಾಗುತ್ತದೆ, ನೋಡದವರು ಈ ಪ್ಯಾರಾ ದಾಟಿ ಮುಂದೆ ಹೋಗಿ. 1971ರ 'ಸೂಟಬಲ್ ಫಾರ್ ಫ್ರೇಮಿಂಗ್'ನಲ್ಲಿ ಕಲಾ ವಿಮರ್ಶಕನೊಬ್ಬ ಚಿತ್ರಗಳ ಆಸೆಗೆ ಚಿಕ್ಕಪ್ಪನನ್ನು ಕೊಂದು, ಕದ್ದ ಚಿತ್ರಗಳು ಚಿಕ್ಕಮ್ಮನ ಮನೆಯಲ್ಲಿ ಸಿಗುವಂತೆ ಮಾಡುತ್ತಾನೆ. ಆ ಚಿತ್ರಗಳ ಮೇಲೆ ಬೆರಳಚ್ಚು ಇದೆ, ಅದು ನನ್ನದೇ ಅನ್ನುತ್ತಾನೆ ಕೊಲಂಬೋ. ಹಿಂದೊಮ್ಮೆ ವಿಮರ್ಶಕನ ಕೈಚೀಲಕ್ಕೆ ಕೈ ಹಾಕಿ ಮುಟ್ಟಿದ್ದು ಅವೇ ಚಿತ್ರಗಳನ್ನು! 'ಈಗಷ್ಟೇ ಮುಟ್ಟಿದ್ದೀಯ' ಅಂತ ವಿಮರ್ಶಕ ಕೂಗಾಡುತ್ತಾನೆ. ಕೊಲಂಬೋ ಮಾತಾಡುವುದಿಲ್ಲ. ಕೋಟಿನ ಜೇಬಿನಿಂದ ಎರಡೂ ಕೈ ಹೊರಗೆ ತೆಗೆಯುತ್ತಾನೆ, ಕೈಗೆ ಗ್ಲೌಸ್ ಇದೆ. ಅಲ್ಲಿಯವರೆಗೆ ಆ ಕೈಗಳು ಜೇಬಿನಲ್ಲಿದ್ದದ್ದು ನಮಗೂ ಹೊಳೆದಿರುವುದಿಲ್ಲ, ಅವನು ನಿಲ್ಲುವುದೇ ಹಾಗೆ ಅಂದುಕೊಂಡಿರುತ್ತೇವೆ. ನಮ್ಮ ಧಾರಾವಾಹಿಗಳಲ್ಲಾಗಿದ್ದರೆ ಆ ಗ್ಲೌಸನ್ನು ಮೂರು ಸಲ ಜೂಮ್ ಮಾಡಿ, ಡ್ರಮ್ ಬಾರಿಸಿ, ಕೋಣೆಯಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ತೋರಿಸುತ್ತಿದ್ದರು. ಅದು ನಟನ ಮೇಲೆ ನಂಬಿಕೆಯಿಲ್ಲದ ಕೆಲಸ.

1968ರ ಟೆಲಿಚಿತ್ರದಿಂದ 2003ರವರೆಗೆ ಒಟ್ಟು 69 ಕಂತುಗಳು. ಎನ್‌ಬಿಸಿ ವಾಹಿನಿಯಲ್ಲಿ 1971ರಿಂದ 78ರವರೆಗೆ ಬಂದವು ಉತ್ಕೃಷ್ಟ. 1989ರಲ್ಲಿ ಎಬಿಸಿಯಲ್ಲಿ ಮತ್ತೆ ಶುರುವಾದಾಗ ಪ್ರತಿ ಕಂತಿಗೂ ಎರಡು ಗಂಟೆಯ ಸ್ಲಾಟು. ಒಂದೂಕಾಲು ಗಂಟೆಯ ಸರಕನ್ನು ಎಳೆದರೆ ಎದುರಾಳಿಯ ಜತೆಗಿನ ಬಿಗಿ ಹೋಗುತ್ತದೆ. ಫಾಕ್ ಕೈಸನ್ನೆಗಳೂ ದೊಡ್ಡದಾದವು, ಹುಡುಕಾಟ ಅಭಿನಯವಾಯಿತು. ಅವರ ಮೇಲೆ ಎಷ್ಟೇ ಅಭಿಮಾನವಿದ್ದರೂ ಇದನ್ನು ಹೇಳಲೇಬೇಕು.

ಶುರು ಮಾಡುವವರು 1971ರ 'ಮರ್ಡರ್ ಬೈ ದ ಬುಕ್' ಹಾಕಿ. ನಿರ್ದೇಶನ ಆಗಿನ್ನೂ 24 ವರ್ಷದ ಸ್ಟೀವನ್ ಸ್ಪಿಲ್‌ಬರ್ಗ್. ಗಂಡ ಕಾಣೆಯಾದ ಹೆಂಗಸಿನ ಅಡುಗೆಮನೆಯಲ್ಲಿ ಕೊಲಂಬೋ ಆಮ್ಲೆಟ್ ಮಾಡಿಕೊಡುವುದನ್ನು ನೋಡಿ. ಅದು ವಿಚಾರಣೆಯೂ ಹೌದು, ಸಾಂತ್ವನವೂ ಹೌದು, ಎರಡರಲ್ಲಿ ಯಾವುದೂ ಸುಳ್ಳಲ್ಲ. ಆಮೇಲೆ 1973ರ 'ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್'. ಡೊನಾಲ್ಡ್ ಪ್ಲೆಸೆನ್ಸ್ ವೈನ್ ತಯಾರಕ, ವೈನೇ ಅವನ ಜೀವ. ಅವನನ್ನು ಹಿಡಿಯಬೇಕೆಂದೇ ಕೊಲಂಬೋ ವೈನ್ ಬಗ್ಗೆ ಕಲಿಯಲು ಹೊರಡುತ್ತಾನೆ, ಕಲಿಯುತ್ತ ಕಲಿಯುತ್ತ ಆ ಮನುಷ್ಯನ ಮೇಲೆ ಗೌರವ ಹುಟ್ಟುತ್ತದೆ. ಕೊನೆಗೆ ಕಾರಿನಲ್ಲಿ ಕೂತು ಇಬ್ಬರೂ ಒಂದೊಂದು ಗ್ಲಾಸ್ ಕುಡಿಯುತ್ತಾರೆ. ಆರಿಸಿ ತಂದ ವೈನ್ ನೋಡಿ 'ಚೆನ್ನಾಗಿ ಕಲಿತಿದ್ದೀರಿ' ಅನ್ನುವ ಅರ್ಥದ ಮಾತು ಬರುತ್ತದೆ ಆ ಕೊಲೆಗಾರನಿಂದ. ಆಗ ಫಾಕ್ ಮುಖ ನೋಡಿ. ಪರೀಕ್ಷೆ ಪಾಸಾದ ಹುಡುಗನ ಮುಖ ಅದು.