ಬೆಕ್ಕಿನ ಮರಿಗೆ ಹಣ ಕೇಳುವುದಾದರೆ ಪೂರ್ತಿ ಮೊತ್ತ ಕೇಳಿ

ಬೆಕ್ಕಿನ ಮರಿಯ ಚಿಕಿತ್ಸೆಗೆ ಆನ್‌ಲೈನ್‌ನಲ್ಲಿ ಪೋಸ್ಟ್ ಹಾಕಿ ಹಣ ಕೇಳುವವರಿಗೆ ನನ್ನದೊಂದು ಮನವಿ. ಸಂಕೋಚಪಟ್ಟು ಕಡಿಮೆ ಕೇಳಬೇಡಿ. ಮೊದಲ ದಿನವೇ ಪೂರ್ತಿ ಮೊತ್ತ ಹೇಳಿ.

ಎಫ್‌ಐಪಿ (ಫೆಲೈನ್ ಇನ್ಫೆಕ್ಷಿಯಸ್ ಪೆರಿಟೊನೈಟಿಸ್) ಎಂಬ ಕಾಯಿಲೆ ಬಂದ ಮರಿಗಳ ವಿಷಯದಲ್ಲಂತೂ ಜೀವ ಉಳಿಯುವುದು ಇದರ ಮೇಲೇ ನಿಂತಿದೆ. ಬೆಕ್ಕುಗಳಲ್ಲಿ ಸಾಮಾನ್ಯವಾಗಿರುವ ಒಂದು ಕೊರೊನಾ ವೈರಸ್ ಕೆಲವು ಮರಿಗಳ ಮೈಯೊಳಗೆ ರೂಪ ಬದಲಿಸಿ ಈ ಕಾಯಿಲೆ ತರುತ್ತದೆ. (ಇದು ನಮಗೆ ಬಂದ ಕೋವಿಡ್ ಅಲ್ಲ, ಮನುಷ್ಯರಿಗೆ ಹರಡುವುದೂ ಇಲ್ಲ. ಹೆದರಿ ಮರಿಯನ್ನು ಹೊರಗೆ ಹಾಕಬೇಡಿ.) ಆಂಟಿಬಯಾಟಿಕ್ ಕೊಟ್ಟರೂ ಜ್ವರ ಇಳಿಯುವುದಿಲ್ಲ. ಬೆನ್ನುಮೂಳೆ ಎದ್ದು ಕಾಣುತ್ತದೆ, ಹಲವು ಮರಿಗಳಲ್ಲಿ ಹೊಟ್ಟೆ ಮಾತ್ರ ಊದುತ್ತಾ ಹೋಗುತ್ತದೆ. ಜಂತುಹುಳು ಇರಬೇಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಒಳಗೆ ತುಂಬಿರುವುದು ಹಳದಿ ನೀರು.

ಮೊದಲೆಲ್ಲ ಎಫ್‌ಐಪಿ ಅಂದರೆ ಸಾವು ಅಂತಲೇ ಅರ್ಥ. 2019ರಲ್ಲಿ ಕ್ಯಾಲಿಫೋರ್ನಿಯಾದ ಪಶುವೈದ್ಯ ಸಂಶೋಧಕ ನೀಲ್ಸ್ ಪೆಡರ್ಸನ್ ಮತ್ತು ಜೊತೆಗಾರರು ಜಿಎಸ್-441524 ಎಂಬ ಔಷಧದ ಫಲಿತಾಂಶ ಪ್ರಕಟಿಸಿದರು. 31 ಬೆಕ್ಕುಗಳಲ್ಲಿ 26 ಕನಿಷ್ಠ 12 ವಾರದ ಚಿಕಿತ್ಸೆ ಮುಗಿಸಿದವು. ಅವುಗಳಲ್ಲಿ 25 ಬದುಕುಳಿದವು. ಕೋವಿಡ್ ಕಾಲದಲ್ಲಿ ನಾವೆಲ್ಲ ಕೇಳಿದ ರೆಮ್‌ಡೆಸಿವಿರ್ ಮೈಗೆ ಸೇರಿದ ಮೇಲೆ ಹೆಚ್ಚಾಗಿ ಇದೇ ಜಿಎಸ್ ಆಗುತ್ತದೆ.

ಈಗ ಔಷಧ ಇದೆ. ಆದರೆ ರೂಢಿಯ ಕೋರ್ಸ್ 84 ದಿನ. ಹೊಟ್ಟೆಯಲ್ಲಿ ನೀರು ತುಂಬಿದ ಬೆಕ್ಕುಗಳಿಗೆ 42 ದಿನವೂ ಸಾಕಾಗಬಹುದು ಎಂದು 2024ರಲ್ಲಿ ಜರ್ಮನಿಯ ಒಂದು ಅಧ್ಯಯನ ತೋರಿಸಿತು. ನಿಮ್ಮ ಮರಿಗೆ ಎಷ್ಟು ದಿನ ಅನ್ನುವುದನ್ನು ಡಾಕ್ಟರೇ ರಕ್ತಪರೀಕ್ಷೆ ನೋಡಿ ಹೇಳಬೇಕು. ಕೈಯಲ್ಲಿ ಕಾಸಿಲ್ಲ ಅಂತ ನಡುವೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ಜಾಸ್ತಿ. ಆಗ ಇನ್ನೂ ಹೆಚ್ಚಿನ ಡೋಸ್ ಬೇಕಾಗುತ್ತದೆ.

ಇನ್ನೊಂದು ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. ಡೋಸ್ ತೂಕದ ಮೇಲೆ. ಒಂದು ಕಿಲೋ ಇದ್ದ ಮರಿ ಚೇತರಿಸಿಕೊಂಡು ಎರಡು ಕಿಲೋ ಆದರೆ ಔಷಧವೂ ಎರಡರಷ್ಟು. ಮೊದಲ ವಾರದ ಬಿಲ್ಲನ್ನು ಹನ್ನೆರಡರಿಂದ ಗುಣಿಸಿದರೆ ಸಾಲದು. ಇದರ ಮೇಲೆ ರಕ್ತಪರೀಕ್ಷೆ, ಸ್ಕ್ಯಾನ್, ಆಟೋ ಖರ್ಚು.

ಹಣ ಬರುವ ರೀತಿ ಮಾತ್ರ ಇದಕ್ಕೆ ಪೂರ್ತಿ ಉಲ್ಟಾ. ಊದಿದ ಹೊಟ್ಟೆಯ ಫೋಟೋ ನೋಡಿ ಮೊದಲ ದಿನಗಳಲ್ಲಿ ಎಲ್ಲರೂ ಕೊಡುತ್ತಾರೆ. ಔಷಧ ಹಿಡಿದರೆ ಕೆಲವೇ ದಿನಗಳಲ್ಲಿ ಜ್ವರ ಇಳಿದು ಮರಿ ಆಡತೊಡಗುತ್ತದೆ. ಆಡುವ ಮರಿಗೆ ಯಾರು ಹಣ ಹಾಕುತ್ತಾರೆ? ಖರ್ಚು ಏರುವ ಹೊತ್ತಿಗೇ ಪೋಸ್ಟ್ ಹಳೆಯದಾಗಿರುತ್ತದೆ. ನಮ್ಮ ಬೀದಿಯ ಕಾಲೇಜು ಹುಡುಗಿಯೊಬ್ಬಳು ಎರಡನೇ ತಿಂಗಳಲ್ಲಿ ತನ್ನ ಮೊಬೈಲ್ ಮಾರಿದ್ದು ಇದೇ ಕಾರಣಕ್ಕೆ. ಅವಳಿಗೆ ಆ ಗತಿ ಬರಬಾರದಿತ್ತು.

ಹಾಗಾಗಿ ಪೂರ್ತಿ ಕೋರ್ಸಿನ ಅಂದಾಜನ್ನು ಕ್ಲಿನಿಕ್ಕಿನಿಂದ ಬರೆಸಿಕೊಂಡು ಪೋಸ್ಟಿನಲ್ಲೇ ಹಾಕಿ. ಸಾಧ್ಯವಿದ್ದರೆ ಹಣ ಕ್ಲಿನಿಕ್ಕಿನ ಯುಪಿಐಗೇ ಹೋಗಲಿ. ವಾರವಾರ ತೂಕ, ಬಿಲ್, ಉಳಿದ ಹಣ, ಇಷ್ಟನ್ನು ತಿಳಿಸಿ. ಮರಿ ಉಳಿಯದಿದ್ದರೆ ಮಿಕ್ಕ ಹಣ ಯಾರಿಗೆ ಅನ್ನುವುದನ್ನೂ ಮೊದಲೇ ಹೇಳಿಬಿಡಿ. ಆ ಮಾತು ಬರೆಯುವಾಗ ಕೈ ನಡುಗುತ್ತದೆ, ನನಗೆ ಗೊತ್ತು. ಆದರೂ ಬರೆಯಿರಿ.

“ಮನುಷ್ಯರಿಗೇ ದುಡ್ಡಿಲ್ಲ, ಬೆಕ್ಕಿಗೆ ಯಾಕೆ?” ಅಂತ ಕೇಳುವವರು ಬಂದೇ ಬರುತ್ತಾರೆ. ಅವರ ಜೊತೆ ವಾದಕ್ಕೆ ಇಳಿಯಬೇಡಿ. ನೂರು ರೂಪಾಯಿ ಕಳಿಸಿದವರ ಮನಸ್ಸಿನಲ್ಲಿ ಆ ಪ್ರಶ್ನೆಗೆ ಉತ್ತರ ಆಗಲೇ ಸಿಕ್ಕಿದೆ.

ಕೊಡುವವರಲ್ಲೂ ಒಂದು ಕೋರಿಕೆ. ಸಾವಿರ ಕೊಡುವ ಮನಸ್ಸಿದ್ದರೆ ಐನೂರು ಇವತ್ತು ಹಾಕಿ, ಇನ್ನೈನೂರು ಎರಡನೇ ತಿಂಗಳಿಗೆ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಒಂದು ರಿಮೈಂಡರ್ ಹಾಕಿಕೊಂಡರೆ ಆಯಿತು.