ಹಳೆಯ ಚಿತ್ರಗಳ ಸ್ಟೇಷನ್ ವ್ಯಾಗನ್: ಮೊದಲು ಮರವನ್ನು ನೋಡಿ

ಹಳೆಯ ಹಾಲಿವುಡ್ ಚಿತ್ರಗಳಲ್ಲಿ ಸ್ಟೇಷನ್ ವ್ಯಾಗನ್ (ಚಾವಣಿ ಹಿಂಬದಿಯವರೆಗೂ ಚಾಚಿದ, ಸಾಮಾನು ತುಂಬಲು ಹಿಂಬಾಗಿಲಿರುವ ಉದ್ದನೆಯ ಕಾರು) ಕಾಣಿಸಿಕೊಂಡಾಗಲೆಲ್ಲ ನಮ್ಮ ಕಾರುಪ್ರಿಯರು ಮುಂಭಾಗದ ಗ್ರಿಲ್ ನೋಡಿ ‘ಫೋರ್ಡ್’ ಅಥವಾ ‘ಬ್ಯೂಕ್’ ಎಂದು ಹೇಳಿ ಮುಂದೆ ಸಾಗುತ್ತಾರೆ. ಅಷ್ಟಕ್ಕೇ ನಿಲ್ಲುವುದನ್ನು ನಾನು ಒಪ್ಪುವುದಿಲ್ಲ. ವ್ಯಾಗನ್ನಿನ ವಯಸ್ಸನ್ನೂ ಅದರ ಮೈ ಯಾವುದರಿಂದ ಆದದ್ದು ಎಂಬುದನ್ನೂ ತಿಳಿಯದಿದ್ದರೆ, ಅದನ್ನು ಓಡಿಸುತ್ತಿರುವ ಪಾತ್ರದ ಬಗ್ಗೆ ಚಿತ್ರವು ಮಾತಿಲ್ಲದೆ ಹೇಳುತ್ತಿರುವ ಸಂಗತಿ ನಮ್ಮ ಕೈತಪ್ಪಿ ಹೋಗುತ್ತದೆ.

ಡಗ್ಲಸ್ ಸರ್ಕ್ ನಿರ್ದೇಶಿಸಿದ 1955ರ ‘ಆಲ್ ದಟ್ ಹೆವನ್ ಅಲೋಸ್’ ಚಿತ್ರವನ್ನೇ ತೆಗೆದುಕೊಳ್ಳಿ. ರಾಕ್ ಹಡ್ಸನ್ ನಟಿಸಿರುವ ರಾನ್ ಕರ್ಬಿ ಗಿಡಮರಗಳ ನಡುವೆ ಬದುಕುವವನು. ಅವನು ಓಡಿಸುವುದು ಮರದ ಮೈಯ ವ್ಯಾಗನ್. ಆ ಹೊತ್ತಿಗೆ ಫೋರ್ಡ್ ಕಂಪನಿ 1951ರ ಮಾದರಿಯೊಂದಿಗೆ ಮರದ ಮೈಯನ್ನು ಕೈಬಿಟ್ಟಾಗಿತ್ತು, ಬ್ಯೂಕ್‌ನ ಕೊನೆಯ ಮರದ ವ್ಯಾಗನ್ ಕೂಡ 1953ರಲ್ಲಿ ಬಂದು ಹೋಗಿತ್ತು. ಊರಿನ ಸಿರಿವಂತರ ಹೊಳೆಯುವ ಹೊಸ ಕಾರುಗಳ ನಡುವೆ ಅವನ ಬಂಡಿ ಆಗಲೇ ಹಿಂದಿನ ಕಾಲಕ್ಕೆ ಸೇರಿದ್ದು ಎಂಬುದನ್ನು ಅಂದಿನ ಅಮೆರಿಕದ ಪ್ರೇಕ್ಷಕರು ನೋಡಿದೊಡನೆ ಗ್ರಹಿಸಿರಬೇಕು. ನಾವು ಮಾತ್ರ ಅದನ್ನು ಕಲಿತು ಗ್ರಹಿಸಬೇಕು.

ಆದ್ದರಿಂದಲೇ ಮೊದಲು ಮರವನ್ನು ನೋಡಿ ಎನ್ನುತ್ತೇನೆ. ಫೋರ್ಡ್ ಕಂಪನಿಯು ಮಿಷಿಗನ್ ರಾಜ್ಯದ ಐರನ್ ಮೌಂಟನ್‌ನಲ್ಲಿ ತನ್ನದೇ ಮರದ ಕಾರ್ಖಾನೆಯನ್ನು ಹೊಂದಿತ್ತು. ಮೇಪಲ್, ಬರ್ಚ್‌ನಂತಹ ಗಟ್ಟಿಮರದ ತಿಳಿಬಣ್ಣದ ಚೌಕಟ್ಟು, ಅದರ ನಡುವೆ ಗಾಢಬಣ್ಣದ ಹಲಗೆ ಇವು ಕಪ್ಪುಬಿಳುಪು ಚಿತ್ರದಲ್ಲೂ ಸ್ಪಷ್ಟವಾಗಿ ಬೇರ್ಪಟ್ಟು ಕಾಣುತ್ತವೆ. ಈ ಮರಕ್ಕೆ ಮತ್ತೆ ಮತ್ತೆ ವಾರ್ನಿಷ್ ಬಳಿಯಬೇಕಿತ್ತು, ಸಡಿಲವಾದ ಕೀಲುಗಳನ್ನು ಬಿಗಿಗೊಳಿಸುತ್ತಿರಬೇಕಿತ್ತು. ಆಳುಕಾಳು ಇದ್ದ ತೋಟದ ಬಂಗಲೆಗಳಿಗೂ ಹೋಟೆಲುಗಳಿಗೂ ಅದು ಹೊಂದುತ್ತಿತ್ತು. 1946ರಲ್ಲಿ ವಿಲೀಸ್ ಕಂಪನಿಯ ವ್ಯಾಗನ್, 1949ರಲ್ಲಿ ಪ್ಲಿಮತ್ ಕಂಪನಿಯ ‘ಸಬರ್ಬನ್’ ಪೂರ್ತಿ ಉಕ್ಕಿನ ಮೈಯೊಂದಿಗೆ ಬಂದ ಮೇಲೆ ವ್ಯಾಗನ್ ಮಕ್ಕಳೊಂದಿಗರ ಮಧ್ಯಮ ವರ್ಗದ ಮನೆಯಂಗಳಕ್ಕೆ ಬಂತು. 1952ರಿಂದ ಫೋರ್ಡ್ ‘ಕಂಟ್ರಿ ಸ್ಕ್ವೈರ್’ ಎಂಬ ವ್ಯಾಗನ್ನಿನ ಉಕ್ಕಿನ ಮೈಗೆ ಮರದಂತೆ ಕಾಣುವ ಹಾಳೆಯನ್ನು ಅಂಟಿಸಲಾಯಿತು. ನಿಜವಾದ ಮರವೋ ಅಂಟಿಸಿದ ಹಾಳೆಯೋ ಎಂದು ತೀರ್ಮಾನಿಸಿದರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧಕ್ಕೆ, ಅಂದರೆ ಇಸವಿಯನ್ನು ಗುರುತಿಸುವುದಕ್ಕೆ, ತಾಳ್ಮೆ ಬೇಕು. 1949ರ ಫೋರ್ಡ್‌ನ ಗ್ರಿಲ್ಲಿನ ನಡುವೆ ಬಂದೂಕಿನ ಗುಂಡಿನ ತುದಿಯಂತಹ ಒಂದು ಮೂತಿಯಿದ್ದರೆ 1951ರದಕ್ಕೆ ಎರಡಿವೆ. ಎರಡನೇ ಮಹಾಯುದ್ಧಾನಂತರದ ಫೋರ್ಡ್‌ಗಳು 1942ರ ಮೈಯನ್ನೇ ತಿದ್ದಿ ತಂದವಾದ್ದರಿಂದ, ಇಸವಿಯ ಸುಳಿವು ಕೊಡುವ ಪಾರ್ಕಿಂಗ್ ದೀಪಗಳ ಸ್ಥಾನ ಕಾಣದ ದೃಶ್ಯದಲ್ಲಿ ‘1946ರಿಂದ 1948ರ ನಡುವಿನದು’ ಎನ್ನುವುದೇ ಪ್ರಾಮಾಣಿಕ ಉತ್ತರ. ಅಲ್ಲಿ ಒಂದೇ ಇಸವಿಯನ್ನು ಢಾಣಾಡಂಗುರವಾಗಿ ಘೋಷಿಸುವವರನ್ನು ನಾನು ನಂಬುವುದಿಲ್ಲ. ಒಂದೊಂದು ಬದಿಗೆ ಎರಡೆರಡು ಹೆಡ್‌ಲೈಟ್ ಇದ್ದರೆ ಅದು ಬಹುಮಟ್ಟಿಗೆ 1958 ಅಥವಾ ಆಮೇಲಿನದು. ಬಂಡಿ ಬೆನ್ನು ತಿರುಗಿಸಿ ಹೋಗುವ ದೃಶ್ಯವನ್ನೂ ಬಿಡಬೇಡಿ: ಚಾವಣಿಯಲ್ಲಿ ಗಾಜು ಕೂರಿಸಿದ ಓಲ್ಡ್ಸ್‌ಮೊಬೈಲ್ ವಿಸ್ಟಾ ಕ್ರೂಸರ್ ಬಂದದ್ದು 1964ರಲ್ಲಿ, ಕೆಳಕ್ಕೂ ಪಕ್ಕಕ್ಕೂ ತೆರೆಯುವ ಫೋರ್ಡ್‌ನ ಹಿಂಬಾಗಿಲು 1966ರ ಮಾದರಿಗೆ ಬಂತು, ಗಾಜು ಮೇಲಕ್ಕೂ ಬಾಗಿಲು ನೆಲದಡಿಗೂ ಸರಿದು ಮಾಯವಾಗುವ ಏರ್ಪಾಡು 1971ರಿಂದ 1976ರವರೆಗಿನ ಜನರಲ್ ಮೋಟರ್ಸ್‌ನ ದೊಡ್ಡ ವ್ಯಾಗನ್‌ಗಳದು.

ಕಾರಿನೊಳಗಿನ ಸಂಭಾಷಣೆಯನ್ನು ಮಾತ್ರ ಸಾಕ್ಷಿಯಾಗಿ ಬಳಸಬೇಡಿ. ಅಂದಿನ ಸ್ಟುಡಿಯೋಗಳು ಹಿಂದಿನ ಪರದೆಯ ಮೇಲೆ ರಸ್ತೆಯನ್ನು ಓಡಿಸಿ, ಕತ್ತರಿಸಿದ ಕಾರಿನ ತುಂಡಿನೊಳಗೆ ನಟರನ್ನು ಕೂರಿಸುತ್ತಿದ್ದುದರಿಂದ, ಒಳಗಿನ ಡ್ಯಾಶ್‌ಬೋರ್ಡು ಹೊರಗೆ ಓಡಿದ ಬಂಡಿಯದೇ ಆಗಿರಬೇಕೆಂದಿಲ್ಲ.

1983ರ ‘ನ್ಯಾಷನಲ್ ಲ್ಯಾಂಪೂನ್ಸ್ ವೆಕೇಶನ್’ ಚಿತ್ರದ ಹಸಿರು ‘ವ್ಯಾಗನ್ ಕ್ವೀನ್ ಫ್ಯಾಮಿಲಿ ಟ್ರಕ್‌ಸ್ಟರ್’ ಅನ್ನು ಕಂಪನಿಗಳ ಪಟ್ಟಿಯಲ್ಲಿ ಹುಡುಕಿದರೆ ಸಿಗದು. ಅದು 1979ರ ಫೋರ್ಡ್ ಎಲ್‌ಟಿಡಿ ಕಂಟ್ರಿ ಸ್ಕ್ವೈರ್‌ಗೆ ವೇಷ ಹಾಕಿಸಿ ಆ ಚಿತ್ರಕ್ಕಾಗಿಯೇ ಕಟ್ಟಿದ ಬಂಡಿ. ಅದರ ಪಕ್ಕೆಗಳಿಗೆ ಅತಿಯಾಗಿ ಮೆತ್ತಿದ ಹುಸಿಮರ ಏಕೆ ನಗೆ ತರಿಸುತ್ತದೆ ಎಂಬುದು ಐರನ್ ಮೌಂಟನ್‌ನ ನಿಜವಾದ ಮರವನ್ನು ನೋಡಿದವರಿಗೆ ಹೆಚ್ಚು ಚೆನ್ನಾಗಿ ತಿಳಿಯುತ್ತದೆ.