ಮುಳುಗಡೆಯವರ ಮನೆಗೆ ಲೈಟು ಯಾವಾಗ ಬಂತು?

ಸಂಜೆಯಾದರೆ ನಮ್ಮಜ್ಜಿ ಲಾಟೀನಿನ ಗಾಜಿನೊಳಗೆ ಬಾಯಿಂದ ಹಬೆ ಊದಿ, ಹಳೇ ಸೀರೆ ತುಂಡಿನಿಂದ ಮಸಿ ಒರೆಸುತ್ತಿದ್ದರು. ಬತ್ತಿಯ ಕರಕಲು ತುದಿ ಕತ್ತರಿಸಿ ಆಮೇಲೆ ಹಚ್ಚುತ್ತಿದ್ದರು. ಅವರು ಶರಾವತಿ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಗದ್ದೆ, ತೋಟ, ಮನೆ ಎಲ್ಲ ನೀರಡಿ ಹೋಯ್ತು. ಆ ನೀರಿಂದ ನಾಡಿಗೆಲ್ಲ ಕರೆಂಟು. ಹಿನ್ನೀರಿನ ಎಷ್ಟೋ ಊರಿಗೆ ಮಾತ್ರ ಅದಾದ ಮೇಲೂ ವರ್ಷಗಟ್ಟಲೆ ಸೀಮೆಎಣ್ಣೆ ದೀಪವೇ ಗತಿ.

ಮೊದಲಿಂದಲೂ ಹೀಗೇ ಅಲ್ವಾ? 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋಗಿದ್ದು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಮಳೆ ಕೈಕೊಟ್ಟರೆ ಕತ್ತಲೆ ಅನ್ನುವ ಸ್ಥಿತಿಯಲ್ಲಿ 1985ರಲ್ಲಿ ರಾಯಚೂರಿಗೆ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಬಂತು, ಜೊತೆಗೆ ಹಾರುಬೂದಿಯೂ ಬಂತು.

ಈಗ ಮೂಲ ಮತ್ತೆ ಬದಲಾಗುತ್ತಿದೆ. 2025ರಲ್ಲಿ ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧದಷ್ಟು ಸೋಲಾರ್, ಗಾಳಿ, ನೀರು, ಅಣುವಿದ್ಯುತ್ತಿನದ್ದೇ ಆಯಿತು. ನನಗೆ ನಿಜಕ್ಕೂ ಖುಷಿಯಾಯಿತು. ಆದರೆ ರಾತ್ರಿ ನಮ್ಮ ಫ್ಯಾನು ತಿರುಗಿಸೋದು ಈಗಲೂ ಜಾಸ್ತಿ ಕಲ್ಲಿದ್ದಲೇ.

ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವಾಟ್. ನನಗೆ ಹಿಡಿಸಿದ್ದು ಆ ಅಂಕಿ ಅಲ್ಲ. ಅಲ್ಲಿ ಸುಮಾರು 13,000 ಎಕರೆಯನ್ನು ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ರೈತರ ಜಮೀನು ರೈತರ ಹೆಸರಲ್ಲೇ ಉಳಿಯಿತು. ನಮ್ಮಜ್ಜಿಗೆ ಇಂಥ ಮಾತನ್ನು ಯಾರೂ ಆಡಲಿಲ್ಲ. ಆದರೆ ಅದೇ ಹೊಲಗಳಲ್ಲಿ ಕಡ್ಲೆಕಾಯಿ ಕೀಳಲು ಹೋಗುತ್ತಿದ್ದ ಕೂಲಿಯವರಿದ್ದರು, ಕುರಿ ಮೇಯಿಸುತ್ತಿದ್ದವರಿದ್ದರು. ಜಮೀನೇ ಇಲ್ಲದವರಿಗೆ ಗುತ್ತಿಗೆ ಹಣ ಎಲ್ಲಿಂದ ಬರಬೇಕು? ಅವರ ಪಾಲನ್ನೂ ಮೊದಲೇ ಬರೆದಿಡಬೇಕಿತ್ತು.

ಈಗ ಸೋಲಾರ್ ಕರೆಂಟನ್ನು ಸಂಜೆಗೆ ಕೂಡಿಡಬೇಕು ಅಂತ ಮತ್ತೆ ಶರಾವತಿಗೇ ಬಂದಿದ್ದಾರೆ. ಮಿಕ್ಕಿದ ಕರೆಂಟಿನಿಂದ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತೋದು, ಬೇಕಾದಾಗ ಕೆಳಗೆ ಬಿಟ್ಟು ಟರ್ಬೈನ್ ತಿರುಗಿಸೋದು. 2,000 ಮೆಗಾವಾಟಿನ ಯೋಜನೆ, ಅದೂ ಸಿಂಗಳೀಕಗಳ ಕಾಡಿನಲ್ಲಿ. ಕೂಡಿಡುವ ಅಗತ್ಯ ಇದೆ, ಒಪ್ಪುತ್ತೇನೆ. ಬ್ಯಾಟರಿ ಇದೆ, ಬೇರೆ ಜಾಗಗಳಿವೆ. ಪ್ರತಿ ಸಲ ಇದೇ ಕಣಿವೆ ಯಾಕೆ? ಮುಳುಗಡೆಯಾಗಿ ಅರವತ್ತು ವರ್ಷ ದಾಟಿತು. ಎಷ್ಟೋ ಕುಟುಂಬಗಳು ಇವತ್ತಿಗೂ ಹಕ್ಕುಪತ್ರಕ್ಕೆ ಕಚೇರಿ ಅಲೆಯುತ್ತಿವೆ. ಮೊದಲು ಅದನ್ನು ಅವರ ಕೈಗೆ ಕೊಡಿ.